ಎಂಟು ದೀಪಗಳೂ ಹತ್ತಿದ್ದವು

ನಮ್ಮದು ಹತ್ತಿ ಹಿಂಜುವ ಪಿಂಜಾರರ ಮನೆ. ಚಿತ್ರದುರ್ಗದ ಹಳೇ ಪೇಟೆಯಲ್ಲಿ, ಕೋಟೆಯ ಬಂಡೆಗಳು ಜನರ ಹಿತ್ತಿಲವರೆಗೂ ಇಳಿದು ಬಂದು ಕೂತಿರುವ ಒಂದು ಓಣಿಯಲ್ಲಿದೆ. ಬೀದಿ ಬದಿಗೆ ಹಿಂಜುವ ಯಂತ್ರದ ಶೆಡ್ಡು, ಅದರ ಹಿಂದೆ ನಾವು ಮಲಗಿ ಏಳುವ ಎರಡು ಕೋಣೆ, ಆಮೇಲೆ ಉದ್ದಕ್ಕೆ ಹೋಗುತ್ತಲೇ ಇರುವ ಅಂಗಳ, ಅದರ ತುದಿಯಲ್ಲಿ ಬಂಡೆಗೆ ಬೆನ್ನು ಕೊಟ್ಟು ನಿಂತ ಕಲ್ಲಿನ ಉಗ್ರಾಣ. ಅಪ್ಪ ಇದ್ದಾಗ ಅಲ್ಲಿ ಹತ್ತಿ ಮೂಟೆಗಳಿರುತ್ತಿದ್ದವು. ಅಪ್ಪ ಹೋದ ಮೇಲೆ ಯಂತ್ರವನ್ನು ಅವ್ವ ನಡೆಸುತ್ತಾಳೆ, ಹಾಸಿಗೆಯನ್ನೂ ಅವಳೇ ಹೊಲಿಯುತ್ತಾಳೆ. ಮಧ್ಯಾಹ್ನದ ಬಿಸಿಲು ತಗಡಿನ ತೂತುಗಳಿಂದ ಕೋಲುಕೋಲಾಗಿ ಇಳಿಯುವಾಗ ಹತ್ತಿಯ ಎಳೆಗಳು ಅದರೊಳಗೆ ಏರುತ್ತ ಇಳಿಯುತ್ತ ಇರುತ್ತವೆ. ಅವಕ್ಕೆ ಎಲ್ಲಿಗೂ ಹೋಗುವ ಅವಸರವಿಲ್ಲ. ಚಿಕ್ಕಂದಿನಲ್ಲಿ ನಾನೂ ಅಕ್ಕನೂ ಅವನ್ನೇ ನೋಡುತ್ತ ಕೂತುಬಿಟ್ಟರೆ ಊಟಕ್ಕೆ ಕರೆದದ್ದು ತಿಳಿಯುತ್ತಿರಲಿಲ್ಲ. ಯಂತ್ರದ ಸದ್ದಿನಲ್ಲಿ ಎಚ್ಚರವಾಗಿದ್ದವರಿಗೂ ತಿಳಿಯುತ್ತಿರಲಿಲ್ಲ, ಅದು ಬೇರೆ ಮಾತು.

ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಓದಿದಳು, ಟೀಚರ್ ಟ್ರೈನಿಂಗ್ ಮುಗಿಸಿದಳು. ನಾನು ಒಂಬತ್ತನೇ ತರಗತಿಯಲ್ಲಿ ಎರಡು ಸಲ ಕೂತು ಎದ್ದು ಬಂದೆ. ಆಮೇಲೆ ಕೇಬಲ್ ಎಳೆಯುವವರ ಜೊತೆ ಸೇರಿಕೊಂಡೆ. ಮೊದಮೊದಲು ಟೀವಿ ಕೇಬಲ್ಲು, ನಂತರ ಇಂಟರ್ನೆಟ್ಟು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಅಂತ ಕಂಬ ಹತ್ತಿ ಇಳಿದು ದಿನ ಕಳೆದೆ. ಯಾರೂ ನನಗೆ ಕೂರಿಸಿ ಕಲಿಸಲಿಲ್ಲ. ನೋಡಿ ಕಲಿತೆ, ನೋಡಿದ್ದು ಸಾಲದೆ ಹೋದ ಕಡೆ ನನ್ನ ತಲೆಗೆ ಹೊಳೆದದ್ದನ್ನು ಸೇರಿಸಿಕೊಂಡೆ. ಮನೆಯಲ್ಲಿ ಅಕ್ಕನಿಗಿಂತ ನನಗೆ ಹೆಚ್ಚು ಗೊತ್ತಿದ್ದ ವಿಷಯ ಇದೊಂದೇ. ಅವಳ ಲ್ಯಾಪ್‌ಟಾಪಿಗೆ ನಾನು ತಂತಿ ಚುಚ್ಚುವಾಗ ಅವಳು ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದಳಲ್ಲ, ಆ ಒಂದು ಗಳಿಗೆ ನನಗೆ ಬಹಳ ಇಷ್ಟವಾಗುತ್ತಿತ್ತು.

ಅಕ್ಕನಿಗೆ ಆನ್‌ಲೈನ್ ಪಾಠದ ಕೆಲಸ ಸಿಕ್ಕಾಗ ಉಗ್ರಾಣವನ್ನು ಗುಡಿಸಿ ಸುಣ್ಣ ಹೊಡೆದು ತರಗತಿ ಮಾಡಿಕೊಂಡಳು. ಬೇರೆ ಬೇರೆ ಊರಿನ ಹದಿನಾರು ಮಕ್ಕಳು, ಮೂರು ನಾಲ್ಕನೇ ತರಗತಿಯವರು. ಸಂಜೆ ನಾಲ್ಕಕ್ಕೆ ಶುರು. ಶೆಡ್ಡಿನ ಸದ್ದು ಅಲ್ಲಿಗೆ ಒಂದು ದೂರದ ಗುಂಯ್ ಅನ್ನುವಷ್ಟೇ ಬರುತ್ತಿತ್ತು, ಅದಕ್ಕೇ ಆ ಜಾಗ. ಆದರೆ ಬಂಡೆಯ ಬುಡ, ಮೊಳದಪ್ಪ ಕಲ್ಲಿನ ಗೋಡೆ. ಮೊಬೈಲ್ ಸಿಗ್ನಲ್ಲು ಹೊಸ್ತಿಲ ತನಕ ಬಂದು ನಿಂತುಬಿಡುತ್ತಿತ್ತು. ಇಂಟರ್ನೆಟ್ ಬರುತ್ತಿದ್ದದ್ದು ಮುಂದಿನ ಕೋಣೆಗೆ. ಅಲ್ಲಿಂದ ಉಗ್ರಾಣಕ್ಕೆ ಗೋಡೆ, ಸೂರು, ಬೇವಿನ ಮರ ಎಲ್ಲ ಸುತ್ತಿಸಿ ತಂತಿ ಎಳೆದೆ. ಎಂಬತ್ತು ಮೀಟರು ಮೀರಿತು. ಎರಡು ತುದಿಗೂ ಒಂದೊಂದು ಸ್ವಿಚ್ ಇಟ್ಟೆ. ಸ್ವಿಚ್ ಅಂದರೆ ಗೋಡೆಯ ದೀಪದ ಗುಂಡಿ ಅಲ್ಲ, ಅಂಗೈಯಗಲದ ಪೆಟ್ಟಿಗೆ. ಒಂದು ಕಡೆಯಿಂದ ಬಂದದ್ದನ್ನು ನಾಲ್ಕು ಕಡೆ ಹಂಚುತ್ತದೆ, ಹಂಚುವಾಗ ಹಸಿರು ದೀಪ ಮಿಟುಕಿಸುತ್ತದೆ.

ಆ ತಂತಿಯೊಳಗೆ ಎಂಟು ಸಣ್ಣ ತಂತಿಗಳು. ಎರಡೆರಡು ಒಂದಕ್ಕೊಂದು ಹೊಸೆದುಕೊಂಡು ನಾಲ್ಕು ಜೋಡಿ. ಕಿತ್ತಳೆ, ಹಸಿರು, ನೀಲಿ, ಕಂದು. ಪ್ರತಿಯೊಂದಕ್ಕೂ ಬಿಳಿ ಗೆರೆಯ ಒಂದು ಜೊತೆಗಾರ. ತುದಿಯಲ್ಲಿ ಅವನ್ನು ಬಿಡಿಸಿ ಒಂದು ಸಾಲಿಗೆ ಕೂರಿಸಿ ಪ್ಲಾಸ್ಟಿಕ್ ಕನೆಕ್ಟರಿನೊಳಗೆ ತೂರಿಸಿ ಇಕ್ಕಳದಿಂದ ಒತ್ತಬೇಕು. ನಾನು ಜೋಡಿಜೋಡಿಯಾಗಿಯೇ ಕೂರಿಸುತ್ತಿದ್ದೆ: ಕಿತ್ತಳೆಯ ಪಕ್ಕ ಕಿತ್ತಳೆ, ಹಸಿರಿನ ಪಕ್ಕ ಹಸಿರು, ನೀಲಿಯ ಪಕ್ಕ ನೀಲಿ. ಇದು ನನಗೆ ಅಪ್ಪನ ಕೈಯಿಂದ ಬಂದದ್ದು. ಹಾಸಿಗೆಗೆ ಗುಬ್ಬಿ ಹಾಕುವಾಗ, ಅಂದರೆ ಹತ್ತಿ ಜರುಗದಂತೆ ಅಲ್ಲಲ್ಲಿ ದಾರ ಎಳೆದು ಗಂಟು ಬಿಗಿಯುವಾಗ, ಜೋಡಿ ಎಳೆ ಬೇಕು. ಸೂಜಿ ಇಳಿದ ತೂತಿಗೇ ಎರಡೂ ಇಳಿಯಬೇಕು. "ಜೋಡಿ ಎಳೆ ಅಗಲಿಸಿದೆ ಅಂದ್ರೆ ಹಾಸಿಗೆ ಆರು ತಿಂಗ್ಳಿಗೆ ಗಂಟಾಗ್ತೈತೆ ಕಣಲೇ" ಅಂತ ಅಪ್ಪ ಬೆರಳಿಗೆ ಸೂಜಿ ತಾಗಿಸಿ ಹೇಳುತ್ತಿದ್ದ. ತಂತಿಗೂ ಅದೇ ನ್ಯಾಯ ಅಂದುಕೊಂಡೆ. ಎಂಟು ವರ್ಷ ಹಾಗೇ ಕಟ್ಟಿದೆ. ಎರಡು ತುದಿಗೂ ಒಂದೇ ಸಾಲು ಇಟ್ಟರೆ ಆಯಿತು, ನಡೆಯುತ್ತಿತ್ತು. ಮನೆಗಳಲ್ಲಿ ನಾನು ಕಟ್ಟುತ್ತಿದ್ದ ತಂತಿ ಐದು ಮೀಟರು, ಹತ್ತು ಮೀಟರು, ಅಷ್ಟೇ.

ಉಗ್ರಾಣದ ತುದಿ ಕಟ್ಟುವಾಗ ಅಕ್ಕ ತಂತಿ ಹಿಡಿದು ಕೂತಿದ್ದಳು. ಕನೆಕ್ಟರಿನ ಡಬ್ಬಿಯೊಳಗೆ ಮಡಿಸಿಟ್ಟಿದ್ದ ಇಂಗ್ಲಿಷ್ ಚೀಟಿಯನ್ನು ತೆಗೆದು ಓದುತ್ತಿದ್ದಳು. ಅವಳಿಗೆ ಕಡಲೆಕಾಯಿ ಕಟ್ಟಿದ ಕಾಗದವನ್ನೂ ಓದದೆ ಬಿಡುವ ಅಭ್ಯಾಸವಿಲ್ಲ.

"ಲೇ, ಈ ಚೀಟೀಲಿ ಬೇರೆ ಥರ ಐತೆ ನೋಡು. ಬಿಳಿ ಹಸಿರು ಆದ್ಮೇಲೆ ನೀಲಿ ಅಂತೈತೆ. ಹಸಿರು ಆರನೇದು."

"ಚೀಟಿ ಓದ್ಕಂಡು ತಂತಿ ಕಟ್ಟಾಕಾಗಲ್ಲ ಕಣಕ್ಕ."

"ಹಂಗಾರೆ ಚೀಟಿ ಬರ್ದೋನಿಗೆ ತಲೆ ಇರಲಿಲ್ವಾ?"

"ಅವನಿಗೆ ತಲೆ ಇತ್ತು, ಕೈ ಇರಲಿಲ್ಲ."

ಇಬ್ಬರೂ ನಕ್ಕೆವು. ಅವಳು ಚೀಟಿ ಮಡಿಸಿ ಪುಸ್ತಕದೊಳಗೆ ಇಟ್ಟಳು. ಆಮೇಲೆ ನಾನು ಟೆಸ್ಟರಿನ ಒಂದು ಭಾಗವನ್ನು ಅವಳ ಕೈಗೆ ಕೊಟ್ಟು, ಇನ್ನೊಂದು ಭಾಗ ಹಿಡಿದು ಮುಂದಿನ ಕೋಣೆಗೆ ಬಂದೆ. ಒಂದು ತುದಿಯಿಂದ ಬಿಟ್ಟರೆ ಇನ್ನೊಂದು ತುದಿಯಲ್ಲಿ ಒಂದರ ಹಿಂದೊಂದು ಎಂಟು ದೀಪ ಹತ್ತಬೇಕು. ಅಂಗಳದ ಆ ಕೊನೆಯಿಂದ ಅವಳು ಕೂಗಿ ಹೇಳಿದಳು: "ಒಂದು ಬಂತು! ಎರಡು ಬಂತು! ಮೂರು..." ಸಂಜೆ ಬಿಸಿಲಿನಲ್ಲಿ ಬೇವಿನ ಮರದ ಮೇಲಿಂದ ತೇಲಿಕೊಂಡು ಬಂದ ಆ ಎಣಿಕೆ ನನಗೆ ಇವತ್ತಿಗೂ ಕೇಳಿಸುತ್ತದೆ. ಎಂಟೂ ಬಂದವು. ತಂತಿ ಸರಿಯಾಗಿದೆ ಅಂದುಕೊಂಡೆ. ಅಂದುಕೊಂಡದ್ದಲ್ಲ, ನಂಬಿದೆ.

ಮೊದಲ ವಾರದಿಂದಲೇ ಪಾಠ ತುಂಡಾಗತೊಡಗಿತು. ಚಿತ್ರ ನಿಲ್ಲುತ್ತಿತ್ತು, ಅಕ್ಕನ ಮಾತು ಅರ್ಧ ಹೋಗಿ ಅರ್ಧ ಉಳಿಯುತ್ತಿತ್ತು. ಮಕ್ಕಳ ತಂದೆತಾಯಿ ದೂರು ಹಾಕಿದರು. ನಾನು ಕೆಲಸ ಮುಗಿಸಿ ಬಂದು ಒಂದೊಂದನ್ನೇ ನೋಡುತ್ತಿದ್ದೆ. ರೌಟರ್ ಆರಿಸಿ ಹಚ್ಚಿದೆ. ಉಗ್ರಾಣದ ಸ್ವಿಚ್ಚನ್ನು ಮುಂದಕ್ಕೆ ತಂದು, ಮುಂದಿನದನ್ನು ಹಿಂದಕ್ಕೆ ಹಾಕಿದೆ. ಹೊಸ ಸ್ವಿಚ್ ತಂದೆ. ಕರೆಂಟಿನ ವೈರಿನ ಹತ್ತಿರ ಹೋಗಿದ್ದ ತಂತಿಯನ್ನು ಎರಡು ಮೊಳ ದೂರ ಸರಿಸಿದೆ. ಯಂತ್ರದಿಂದ ಏನಾದರೂ ಆಗುತ್ತಿರಬಹುದೆಂದು ಅವ್ವನಿಗೆ ಒಂದು ಸಂಜೆ ಯಂತ್ರ ನಿಲ್ಲಿಸಲು ಹೇಳಿದೆ. ಅವತ್ತೂ ಹಾಗೇ. ಲ್ಯಾಪ್‌ಟಾಪನ್ನು ಮುಂದಿನ ಕೋಣೆಗೆ ತಂದು ಗಿಡ್ಡ ತಂತಿಯಲ್ಲಿ ರೌಟರಿಗೆ ಚುಚ್ಚಿದರೆ ಚೆನ್ನಾಗಿ ಓಡುತ್ತಿತ್ತು. ಇಷ್ಟು ಕಂಡ ಮೇಲೆ ಯಾರಾದರೂ ಉದ್ದದ ತಂತಿಯನ್ನೇ ಹಿಡಿಯುತ್ತಿದ್ದರು. ನಾನೂ ಹಿಡಿದೆ, ಮತ್ತೆ ಟೆಸ್ಟರ್ ಹಾಕಿದೆ. ಎಂಟು ದೀಪಗಳೂ ಹತ್ತಿದವು. ಅಲ್ಲಿಗೆ ನನ್ನ ತನಿಖೆ ಮುಗಿಯುತ್ತಿತ್ತು.

ಒಂದು ದಿನ ಅಕ್ಕ ಪಾಠ ಮುಗಿಸಿ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು, "ತಂತಿ ಒಂದ್ಸಲ ಬಿಚ್ಚಿ ಕಟ್ಟಿ ನೋಡಾಣೇನೋ?"

ನಾನು ಉಣ್ಣುತ್ತಿದ್ದೆ. "ತಂತಿ ತಪ್ಪಾದ್ರೆ ಈ ಕೆಲಸಾನೇ ಬಿಡ್ತೀನಿ ನಾನು. ಲೈನು ಸರಿಯಾಗೈತೆ. ನೀನೇ ಬಡಬಡ ಮಾತಾಡ್ತೀಯ, ಅದು ಹಿಡ್ಕಳಾಕಾಗಲ್ಲ."

ಅಕ್ಕನ ಮಾತು ಮೊದಲಿನಿಂದಲೂ ಬೇಗ. ಒಂದು ವಾಕ್ಯ ಮುಗಿಯುವ ಮೊದಲೇ ಇನ್ನೊಂದರ ಬಾಲ ಹಿಡಿದಿರುತ್ತಾಳೆ. ಅವ್ವ ಸಾರು ಬಡಿಸುತ್ತ ನನ್ನ ಮಾತಿಗೆ ದನಿಗೂಡಿಸಿದಳು: "ಅದು ಖರೆ. ನಿಧಾನ ಮಾತಾಡವ್ವ, ಮಿಷಿನ್ ಬಿಟ್ಟಂಗೆ ಮಾತಾಡಿದ್ರೆ ಕೂಸುಗಳಿಗೆ ಹೆಂಗ್ ತಿಳೀಬೇಕು?"

ಮರುದಿನದಿಂದ ಉಗ್ರಾಣದಿಂದ ಅಕ್ಕನ ದನಿ ಬೇರೆ ರೀತಿ ಕೇಳತೊಡಗಿತು. ಮಗ್ಗಿಯನ್ನು ಒಂದೊಂದೇ ಪದವಾಗಿ, ನಡುವೆ ಜಾಗ ಬಿಟ್ಟು, ಒದ್ದೆ ಬಟ್ಟೆ ಹರವಿದ ಹಾಗೆ ಹೇಳುತ್ತಿದ್ದಳು. ಆದರೂ ತುಂಡಾಗುತ್ತಿತ್ತು. ಕೊನೆಗೆ ಪಾಠದ ಕಂಪನಿಯವರು ತಿಳಿಸಿದರು: ಬರುವ ಗುರುವಾರ ನಾಲ್ಕು ಗಂಟೆಯ ತರಗತಿಯಲ್ಲಿ ನಮ್ಮವರೊಬ್ಬರು ಸುಮ್ಮನೆ ಕೂತು ನೋಡುತ್ತಾರೆ, ಅದರ ಮೇಲೆ ನಿಮ್ಮನ್ನು ಇಟ್ಟುಕೊಳ್ಳುವುದೋ ಬಿಡುವುದೋ ತೀರ್ಮಾನ.

ಆ ಗುರುವಾರದ ಹಿಂದಿನ ಸೋಮವಾರ ನನಗೆ ಮಾರಿಕಣಿವೆಯಲ್ಲಿ ಕೆಲಸ. ಅಣೆಕಟ್ಟೆಯ ಕೆಳಗೆ ಒಬ್ಬ ಮೀನಿನ ವ್ಯಾಪಾರಿಯ ಐಸಿನ ಶೆಡ್ಡು. ಅಲ್ಲಿ ಇಟ್ಟ ಕ್ಯಾಮೆರಾದ ಚಿತ್ರ ಅವನ ಮನೆಗೆ ಬರಬೇಕು. ನಡುವೆ ಸುಮಾರು ತೊಂಬತ್ತು ಮೀಟರು. ಅಲ್ಲಿಯೂ ನಮ್ಮ ಮನೆಯ ಕಥೆಯೇ: ದೀಪ ಎಂಟೂ ಹತ್ತುತ್ತವೆ, ಚಿತ್ರ ಮಾತ್ರ ಚೂರುಚೂರಾಗಿ ಬಂದು ನಿಲ್ಲುತ್ತದೆ. ಬೆಳಗಿನಿಂದ ಸ್ವಿಚ್ ಬದಲಾಯಿಸುತ್ತ ಕೂತಿದ್ದೆ. ಎರಡು ಗುಡ್ಡಗಳ ನಡುವೆ ನೀರು ಕದಲದೆ ಮಲಗಿತ್ತು. ಬಿಸಿಲು ಅದರ ಮೇಲೆ ಬಿದ್ದು ಎದ್ದು ನನ್ನ ಕಣ್ಣಿಗೆ ಬಂದು, ನಾನು ಎಚ್ಚರವಾಗಿದ್ದೇನೋ ನಿದ್ದೆಯಲ್ಲಿದ್ದೇನೋ ಅನ್ನುವಂತಾಗಿತ್ತು. ಅಲ್ಲೇ ಹುಣಸೆ ಮರದ ಕೆಳಗೆ ಒಬ್ಬ ಮುದುಕ ಕೂತಿದ್ದ. ಹಿಂದೆ ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದವನಂತೆ.

"ಏನಪ್ಪ, ಬೆಳಗ್ಗಿಂದ ಆ ಪೆಟ್ಟಿಗೆ ಕಿವಿ ಹಿಂಡ್ತಾ ಇದೀಯಲ್ಲ, ಏನಂತೈತೆ ಅದು?"

"ಸ್ವಿಚ್ ಹೋಗೈತೆ ರೀ."

"ಹೋಗೀನಿ ಅಂತ ಅದು ಹೇಳ್ತಾ, ನೀನೇ ಹೇಳ್ತೀಯಾ? ಕೊಡಿಲ್ಲಿ ಆ ತುದಿ."

ಕನೆಕ್ಟರನ್ನು ಬಿಸಿಲಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ. ಅವನ ಭುಜ ಕುಲುಕಾಡತೊಡಗಿತು. ನಗುತ್ತಿದ್ದ.

"ಇದ್ಯಾವ ಪುಣ್ಯಾತ್ಮ ಕಟ್ಟಿದ್ದು? ಗಂಡ ಹೆಂಡ್ತಿ, ಗಂಡ ಹೆಂಡ್ತಿ ಅಂತ ಸಾಲಾಗಿ ಕೂರ್ಸವ್ನೆ! ಸಾಮೂಹಿಕ ಮದ್ವೆ ಚಪ್ಪರ ಏನೋ ಇದು?"

"ಯಾರೋ ಹಿಂದೆ ಕಟ್ಟಿದ್ದು ರೀ" ಅಂದೆ. ಮೊದಲ ಸುಳ್ಳು ಅದು. ಬಾಯಿಂದ ತಾನೇ ಬಂತು.

"ಅವನು ಸಿಕ್ರೆ ಹೇಳು. ಮೂರನೇ ತೂತು, ಆರನೇ ತೂತು, ಎರಡಕ್ಕೂ ಒಂದೇ ಜೋಡಿ ಬರ್ಬೇಕು. ಪೆಟ್ಟಿಗೆ ಆ ಎರಡನ್ನೂ ಒಂದು ಜೋಡಿ ಅಂತ ಹಿಡೀತೈತೆ. ಹಸಿರು ಬಿಳಿ ಮೂರಕ್ಕೆ, ಹಸಿರು ಆರಕ್ಕೆ, ನಡುವೆ ನೀಲಿಯೋರು ಕುಂತ್ಕಳ್ಳಿ. ಇವನು ಮೂರಕ್ಕೆ ಹಸಿರು ಬಿಳಿ ಇಟ್ಟು ಆರಕ್ಕೆ ನೀಲಿ ಇಟ್ಟವ್ನೆ. ಹೊಸೆದುಕೊಂಡಿರೋದು ಒಬ್ಬರ ಜೊತೆ, ಸಂಸಾರ ಇನ್ನೊಬ್ಬರ ಜೊತೆ. ಹತ್ರ ಇದ್ರೆ ಹೆಂಗೋ ನಡೀತೈತೆ. ದೂರ ಹೋದ್ರೆ ಒಂದರ ಮಾತು ಇನ್ನೊಂದಕ್ಕೆ ಸೋರ್ತೈತೆ."

"ಟೆಸ್ಟರಲ್ಲಿ ಎಂಟೂ ಹತ್ತುತಾವಲ್ರೀ?"

"ತಂತಿ ಈ ಕಡೆಯಿಂದ ಆ ಕಡೆಗೆ ಹರೀದಂಗೆ ಐತೋ ಇಲ್ವೋ, ನಿನ್ ದೀಪ ಅಷ್ಟೇ ಹೇಳೋದು. ಯಾರ ಜೊತೆ ಯಾರು ಹೊಸ್ಕಂಡವ್ರೆ ಅಂತ ಅದಕ್ಕೇನು ಗೊತ್ತು?"

ಎರಡು ತುದಿಯನ್ನೂ ಕತ್ತರಿಸಿ, ಹಸಿರು ನೀಲಿ ಎರಡರ ಜಾಗ ಅದಲುಬದಲು ಮಾಡಿ ಒತ್ತಿದೆ. ಚಿತ್ರ ಬಂತು. ಐಸಿನ ಪೆಟ್ಟಿಗೆಗಳು, ಒದ್ದೆ ನೆಲ, ನೆಲದ ಮೇಲೆ ಕರಗುತ್ತಿದ್ದ ಐಸನ್ನು ನೆಕ್ಕುತ್ತಿದ್ದ ಒಂದು ಬೆಕ್ಕು. ಅದರ ನಾಲಿಗೆ ಒಂದು ಸಲವೂ ನಡುವೆ ನಿಲ್ಲಲಿಲ್ಲ. ನಾನು ಆ ಬೆಕ್ಕನ್ನೇ ಎಷ್ಟೋ ಹೊತ್ತು ನೋಡುತ್ತ ನಿಂತೆ.

ಹಿರಿಯೂರಿನಿಂದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತೆ. ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು, ಒಂದೊಂದೂ ತನ್ನದೇ ವೇಗದಲ್ಲಿ. ಮನೆಗೆ ಹೋದ ಕೂಡಲೇ ಮಾಡಬೇಕಾದ್ದು ಕಣ್ಣ ಮುಂದೆ ಸ್ಪಷ್ಟವಾಗಿತ್ತು. ಎರಡು ತುದಿ, ಎರಡು ಬಣ್ಣ, ಕಾಲು ಗಂಟೆಯ ಕೆಲಸ. ಆದರೆ ಬಸ್ಸು ಊರು ಹತ್ತಿರವಾದಂತೆ ಆ ಕೆಲಸ ದೂರ ಹೋಗತೊಡಗಿತು. ಹೊಸ ತುದಿಯನ್ನು ಅಕ್ಕ ನೋಡುತ್ತಾಳೆ. ಅವಳು ನೋಡದೆ ಬಿಡುವವಳಲ್ಲ. ಆರನೇ ಜಾಗದಲ್ಲಿ ಹಸಿರು ಕಾಣುತ್ತದೆ. ಚೀಟಿಯಲ್ಲಿ ಇದ್ದದ್ದು ಅದೇ, ಅವಳು ಓದಿ ಹೇಳಿದ್ದು ಅದೇ, ನಾನು ನಕ್ಕದ್ದು ಅದಕ್ಕೇ. ಅವಳು ತಿರುಗಿ ನನ್ನ ಮುಖ ನೋಡುತ್ತಾಳೆ. ನನಗೆ ಗೊತ್ತಿದ್ದ ಒಂದೇ ಒಂದು ವಿಷಯವೂ ಅವಳಿಗೇ ಚೆನ್ನಾಗಿ ಗೊತ್ತಿತ್ತು ಅಂತಾಗುತ್ತದೆ. ಅವಳು ಹೊರಗೆ ಹೋದಾಗ ಮಾಡಿಬಿಡೋಣ, ಯಾರಿಗೂ ತಿಳಿಯುವುದಿಲ್ಲ ಅಂದುಕೊಂಡೆ.

ಅವಳು ಹೊರಗೆ ಹೋಗಲಿಲ್ಲ. ಗುರುವಾರದ ಪಾಠವನ್ನು ಖಾಲಿ ಗೋಡೆಗೆ ಮಾಡುತ್ತ ಇಡೀ ದಿನ ಉಗ್ರಾಣದಲ್ಲೇ ಇದ್ದಳು. ಕಲ್ಲುಸಕ್ಕರೆಯ ಹರಳುಗಳನ್ನು ತಟ್ಟೆಯಲ್ಲಿ ಗುಂಪುಗುಂಪಾಗಿ ಜೋಡಿಸಿ ಭಾಗಾಕಾರ ಹೇಳಿಕೊಡುವ ಪಾಠ. ಮಂಗಳವಾರ ಬೇಗ ಬಂದು ಇಕ್ಕಳವನ್ನು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡು ಹೋದೆ.

"ಏನೋ ಬೇಕಿತ್ತಾ?" ಅಂದಳು.

"ಏನಿಲ್ಲ. ಟೇಪು."

ಟೇಪು ಕೊಟ್ಟಳು. ತಗೊಂಡು ಬಂದೆ. ಬುಧವಾರ ಅವಳು ನೀರು ಹುಯ್ದುಕೊಳ್ಳಲು ಹೋದಾಗ ಓಡಿಹೋಗಿ ಉಗ್ರಾಣದ ತುದಿಯನ್ನು ಕೈಗೆ ತೆಗೆದುಕೊಂಡೆ. ಒಂದು ತುದಿ ಮಾತ್ರ ಬದಲಾದರೆ ಇದ್ದ ಲೈನೂ ಸಾಯುತ್ತದೆ. ಎರಡೂ ಆಗಬೇಕು, ಅಷ್ಟರಲ್ಲಿ ಅವಳು ಬಂದುಬಿಡುತ್ತಾಳೆ. ತುದಿಯನ್ನು ಮತ್ತೆ ಸ್ವಿಚ್ಚಿಗೆ ಚುಚ್ಚಿ ಬಂದೆ. ದೀಪ ಹಸಿರಾಗಿ ಮಿಟುಕಿತು. "ಅಕ್ಕ, ತಪ್ಪು ನಂದು, ಒಂದು ಗಳಿಗೆ ಏಳು" ಅಂತ ಒಂದು ಮಾತು. ಅಷ್ಟು ಸಾಕಿತ್ತು. ಮೂರು ದಿನ ಆ ಮಾತು ನನ್ನ ಬಾಯಲ್ಲಿತ್ತು. ಉಣ್ಣುವಾಗಲೂ ಇತ್ತು.

ಗುರುವಾರ ಕೆಲಸಕ್ಕೆ ರಜೆ ಹಾಕಿ ಬೇವಿನ ಮರದ ಕೆಳಗೆ ನಿಂತೆ. ನಾಲ್ಕಾಯಿತು. ಉಗ್ರಾಣದ ಕಿಟಕಿಯಿಂದ ಅಕ್ಕನ ದನಿ ಬರುತ್ತಿತ್ತು, ನಿಧಾನವಾಗಿ, ತಿದ್ದಿ ಬರೆದ ಅಕ್ಷರದ ಹಾಗೆ. ಗಾಳಿ ಇರಲಿಲ್ಲ. ತಂತಿ ನನ್ನ ತಲೆಯ ಮೇಲೆಯೇ ಕೊಂಬೆಯನ್ನು ಬಳಸಿಕೊಂಡು ಹೋಗಿತ್ತು. ಅದರೊಳಗೆ ಅವಳ ಮಾತು ಹೋಗುತ್ತಿದೆ, ಹೋಗುತ್ತ ಹೋಗುತ್ತ ಸೋರುತ್ತಿದೆ ಅನ್ನಿಸಿ ಮೇಲೆ ನೋಡಿದೆ. ಏನೂ ಕಾಣಲಿಲ್ಲ, ಬರೀ ಬೂದು ಬಣ್ಣದ ತಂತಿ. "ಕೇಳಿಸ್ತಾ ಮಕ್ಕಳೇ?" ಅಂದಳು. ಸ್ವಲ್ಪ ಹೊತ್ತಿಗೆ ಮತ್ತೆ, "ಈಗ ಕೇಳಿಸ್ತಾ?" ಮತ್ತೆ ಮತ್ತೆ ಅದೇ. ಪಾಠಕ್ಕಿಂತ ಆ ಪ್ರಶ್ನೆಯೇ ಹೆಚ್ಚಾಯಿತು. ಒಂದೊಂದು ಸಲವೂ ದನಿ ಇನ್ನಷ್ಟು ನಿಧಾನವಾಗುತ್ತಿತ್ತು, ಸಣ್ಣದಾಗುತ್ತಿತ್ತು. ನಾನು ಆ ನೆರಳಿನಲ್ಲಿ ನಿಂತೇ ಇದ್ದೆ. ಐದು ಗಂಟೆಗೆ ಅವಳು ಹೊರಬಂದಾಗ ಅಂಗೈಯಲ್ಲಿ ಕಲ್ಲುಸಕ್ಕರೆ ಇತ್ತು. ನನಗೆ ಎರಡು ಹರಳು ಕೊಟ್ಟು ಒಳಗೆ ಹೋದಳು.

ಎರಡು ದಿನಕ್ಕೆ ಉತ್ತರ ಬಂತು. ಅವಳೇ ಓದಿದಳು. ಲೈನಿನ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ. ಶಿಕ್ಷಕಿಯ ಮಾತು ಸ್ಪಷ್ಟವಾಗಿಲ್ಲ, ಮಕ್ಕಳಿಗೆ ತಲುಪುವುದಿಲ್ಲ ಎಂದಿತ್ತು. ಹದಿನಾರು ಮಕ್ಕಳನ್ನು ಬೇರೆಯವರಿಗೆ ಕೊಟ್ಟರು.

ಅಕ್ಕ ಹೊಳಲ್ಕೆರೆಯ ಚಿಕ್ಕಮ್ಮನ ಮನೆಗೆ ನಾಲ್ಕು ದಿನಕ್ಕೆಂದು ಹೋದಳು. ಆಗ ಹೋಗಿ ಎರಡು ತುದಿಯನ್ನೂ ಕಟ್ಟಿದೆ. ಕಾಲು ಗಂಟೆಯೂ ಹಿಡಿಯಲಿಲ್ಲ. ನನ್ನ ಆಫೀಸಿನ ಲ್ಯಾಪ್‌ಟಾಪ್ ತಂದು ಅವಳ ಕುರ್ಚಿಯಲ್ಲಿ ಕೂತು ಯಾವುದೋ ನದಿಯ ವೀಡಿಯೋ ಹಾಕಿದೆ. ಕತ್ತಲಾಗುವವರೆಗೂ ನದಿ ಹರಿಯಿತು. ಒಂದು ಕಡೆಯೂ ನಿಲ್ಲಲಿಲ್ಲ. ಅದು ನಿಂತರೆ ಸಾಕು ಅಂತ ನಾನು ಆಸೆಪಡುತ್ತಿದ್ದೆ. ನಿಂತಿದ್ದರೆ ತಪ್ಪು ಬೇರೆ ಯಾವುದರದ್ದೋ ಆಗುತ್ತಿತ್ತು.

ಅವಳು ಬಂದ ಮೇಲೆ ಹೇಳಿದೆ, "ಹೊಸ ಸ್ವಿಚ್ ಹಾಕಿದೀನಿ ಅಕ್ಕ. ಈಗ ಚೆನ್ನಾಗಿ ಬರ್ತೈತೆ. ಬೇರೆ ಕಡೆ ಪಾಠಕ್ಕೆ ಅರ್ಜಿ ಹಾಕು."

"ಬಿಡು" ಅಂದಳು. "ಸ್ವಿಚ್ಚು ಏನು ಮಾಡ್ತೈತೆ. ನನ್ ನಾಲಿಗೇನೇ ಹಂಗೆ."

ಇದನ್ನೂ ಒಂದೊಂದೇ ಪದವಾಗಿ ಹೇಳಿದಳು. ಮನೆಯಲ್ಲಿ, ನಮ್ಮ ಜೊತೆ, ಸಾರಿಗೆ ಉಪ್ಪು ಸಾಕಾ ಅಂತ ಕೇಳುವಾಗಲೂ ಹಾಗೇ ಆಗಿದ್ದಳು. ಅವಳು ಮಾತು ಶುರು ಮಾಡಿದರೆ ಮುಗಿಯುವವರೆಗೆ ಕಾಯಬೇಕಿತ್ತು. ಮೊದಲು ಅವಳಿಗಾಗಿ ಯಾರೂ ಕಾಯುತ್ತಿರಲಿಲ್ಲ, ಅವಳೇ ನಮಗಿಂತ ಮುಂದಿರುತ್ತಿದ್ದಳು. ಅವ್ವ ಮಾತ್ರ ಖುಷಿಪಟ್ಟಳು, "ಈಗ ನೋಡು, ಹೆಂಗ್ ತಿಳಿಯಂಗೆ ಮಾತಾಡ್ತಾಳೆ" ಅಂತ. ನಾನು ಎದ್ದು ಹೊರಗೆ ಹೋದೆ.

ಮುಂದಿನ ವರ್ಷ ಅಕ್ಕನಿಗೆ ಹೊಳಲ್ಕೆರೆಯಲ್ಲಿ ಒಂದು ಶಿಶುವಿಹಾರದಲ್ಲಿ ಕೆಲಸವಾಯಿತು. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬರುತ್ತಾಳೆ. ಉಗ್ರಾಣದಲ್ಲಿ ಸ್ವಿಚ್ಚು ಉಳಿಯಿತು. ಯಾರೂ ಕರೆಯದಿದ್ದರೂ ಅದು ದೀಪ ಮಿಟುಕಿಸುತ್ತಲೇ ಇರುತ್ತಿತ್ತು. ನಾನು ಊರೂರು ಅಲೆಯುವಾಗ ಬಸ್ಸಿನ ಜೊಂಪಿನಲ್ಲಿ ನನಗೆ ಬೇವಿನ ಮರದ ಮೇಲಿನ ತಂತಿ ಕಾಣುತ್ತಿತ್ತು. ಅದರಿಂದ ಮಾತು ಹನಿಹನಿಯಾಗಿ ಅಂಗಳಕ್ಕೆ ಬೀಳುತ್ತಿರುತ್ತಿತ್ತು. ಹೆಕ್ಕಲು ಬಗ್ಗಿದರೆ ಬರೀ ಹತ್ತಿ.

ಹೋದ ತಿಂಗಳು ಒಂದು ಭಾನುವಾರ ಅಂಗಳದಲ್ಲಿ ಅಕ್ಕ ಫೋನಿನಲ್ಲಿ ಮಾತಾಡುತ್ತಿದ್ದಳು. ಶಾಲೆಯಲ್ಲಿ ಮಕ್ಕಳ ತಂದೆತಾಯಿಯ ಸಭೆ, ಇವಳು ಎರಡು ಮಾತು ಹೇಳಬೇಕಂತೆ. "ಬೇಡ ಮೇಡಂ. ನಾನು ಮಾತಾಡಿದ್ರೆ... ಯಾರಿಗೂ... ತಿಳಿಯಲ್ಲ" ಅಂದಳು. ಹದಿನಾರು ಮಕ್ಕಳು ಹೋದದ್ದು ಒಂದು. ಆದರೆ ಅವಳು ತನ್ನ ಬಾಯಿಗೆ ತಾನೇ ಅಪರಾಧ ಹೊರಿಸಿಕೊಂಡು ಒಂದೂವರೆ ವರ್ಷದಿಂದ ನಡೆದಿದ್ದಾಳೆ, ನಾನು ಪಕ್ಕದಲ್ಲೇ ಕೂತು ಅನ್ನ ತಿಂದಿದ್ದೇನೆ. ಫೋನ್ ಇಟ್ಟ ಮೇಲೆ ಅವಳನ್ನು ಉಗ್ರಾಣಕ್ಕೆ ಕರೆದೆ. ತಂತಿಯ ತುದಿಯನ್ನು ಸ್ವಿಚ್ಚಿನಿಂದ ಬಿಚ್ಚಿ ಅವಳ ಕೈಗೆ ಕೊಟ್ಟೆ.

ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಹೇಳಬೇಕಾದ್ದೇ ಇರಲಿಲ್ಲ. ಆದರೂ ಎಲ್ಲ ಹೇಳಿದೆ, ಮುದುಕ ನಕ್ಕದ್ದನ್ನೂ.

"ಗೊತ್ತಿಲ್ದೆ ಕಟ್ಟಿದ್ದು ಬಿಡು" ಅಂದಳು. "ಗೊತ್ತಾಗಿದ್ದು ಯಾವತ್ತು?"

"ಸೋಮವಾರ."

"ಯಾವ ಸೋಮವಾರ?"

"ಆ ಗುರುವಾರದ ಹಿಂದಿಂದು."

ಅವಳು ತಂತಿಯ ತುದಿಯನ್ನು ಮತ್ತೆ ಸ್ವಿಚ್ಚಿಗೆ ಚುಚ್ಚಿದಳು. ಬೈದು ಎರಡೇಟು ಹೊಡೆದಿದ್ದರೆ ಹಗುರವಾಗುತ್ತಿತ್ತು.

"ಮಂಗಳವಾರ... ಟೇಪು ಕೇಳ್ಕಂಡು ಬಂದಿದ್ದೆ ನೀನು."

"ಹೂಂ."

"ನಾನು ಗೋಡೆಗೆ ಪಾಠ ಮಾಡ್ತಿದ್ದೆ. ನೋಡ್ಕಂಡು ಹೋದೆ."

"ಹೂಂ ಅಕ್ಕ. ಆ ಕಂಪನಿಯೋರಿಗೆ ಫೋನ್ ಮಾಡಿ ನಾನೇ ಹೇಳ್ತೀನಿ, ತಪ್ಪು ನಂದು ಅಂತ."

"ಅವರಿಗೆ ನನ್ ಮುಖಾನೇ ಮರ್ತಿರ್ತೈತೆ" ಅಂದಳು. "ಅವ್ವಗೆ ಹೇಳು ಹೋಗು. ತಪ್ಪು ನನ್ ನಾಲಿಗೇದು ಅಂತ ಅವಳು ನಂಬ್ಕಂಡವ್ಳೆ."

ಅಂಗಳ ದಾಟಿ ಶೆಡ್ಡಿಗೆ ಬಂದೆ. ಯಂತ್ರ ಓಡುತ್ತಿತ್ತು. ಅವ್ವ ಬಾಯಿಗೆ ಸೆರಗು ಕಟ್ಟಿಕೊಂಡು ಹತ್ತಿ ತುಂಬುತ್ತಿದ್ದಳು. ಮೆಲ್ಲಗೆ ಹೇಳಿದೆ. ಕೇಳಿಸಲಿಲ್ಲ. ಕೈಯಾಡಿಸಿ ಏನು ಅಂದಳು.

"ಅಕ್ಕನ ಮಾತು ಸರಿಯಾಗೇ ಇತ್ತು ಅವ್ವ!"

"ಯಾರ್ ಮಾತು?"

"ಅಕ್ಕಂದು! ತಂತಿ ನಾನು ತಪ್ಪು ಕಟ್ಟಿದ್ದೆ! ಗೊತ್ತಾದ್ಮೇಲೂ ಹೇಳಲಿಲ್ಲ! ಅದಕ್ಕೇ ಪಾಠ ಹೋಗಿದ್ದು!"

ಓಣಿಯಲ್ಲಿ ಹಾಸಿಗೆ ತಗೊಳ್ಳಲು ಬಂದು ನಿಂತಿದ್ದವರೂ ತಿರುಗಿ ನೋಡಿದರು. ಅವ್ವ ಯಂತ್ರ ನಿಲ್ಲಿಸಿದಳು. ನನ್ನನ್ನು ನೋಡಲಿಲ್ಲ. "ಕೂಸಿಗೆ ನಾನೂ ಅಂದ್ನಲ್ಲೋ, ನಿಧಾನ ಮಾತಾಡು ಅಂತ" ಅಂದು, ಸೆರಗು ಬಿಚ್ಚದೆ, ತಲೆತುಂಬ ಹತ್ತಿ ಹೊತ್ತುಕೊಂಡೇ ಅಂಗಳದ ಕಡೆ ಹೋದಳು. ಅರ್ಧ ಹಿಂಜಿದ ಹತ್ತಿಯ ಮುಂದೆ ನಾನು ಉಳಿದೆ. ಅತ್ತ ಅವರಿಬ್ಬರ ಮಾತು ಕ್ಷೀಣವಾಗಿ ಕೇಳುತ್ತಿತ್ತು, ಏನೆಂದು ತಿಳಿಯಲಿಲ್ಲ. ಹತ್ತಿ ಹಾಗೆಯೇ ಬಿಡಬಾರದೆಂದು ಯಂತ್ರ ಹಾಕಿದೆ. ಆಮೇಲೆ ಅದೂ ಕೇಳಲಿಲ್ಲ.

ಅಕ್ಕ ಸಭೆಯಲ್ಲಿ ಮಾತಾಡಿದಳಂತೆ. ಶಿಶುವಿಹಾರದ ಮಕ್ಕಳ ಜೊತೆ ಈಗ ಮೊದಲಿನ ಹಾಗೆ ಬಡಬಡ ಮಾತಾಡುತ್ತಾಳಂತೆ, ಕೂಸುಗಳಿಗೆ ಎಲ್ಲ ತಿಳಿಯುತ್ತದಂತೆ. ಇದೆಲ್ಲ ಅವ್ವ ಹೇಳಿದ್ದು. ಅವ್ವನ ಜೊತೆಯೂ ಹಾಗೇ ಮಾತಾಡುತ್ತಾಳೆ. ಅಡುಗೆಮನೆಯಿಂದ ಕೇಳುತ್ತದೆ, ಒಂದು ವಾಕ್ಯದ ಮೇಲೆ ಇನ್ನೊಂದು ಬಿದ್ದು ಹೊರಳುತ್ತಿರುತ್ತದೆ. ನಾನು ಒಳಗೆ ಹೋದರೆ ನಿಲ್ಲಿಸುತ್ತಾಳೆ. ನನಗೆ ಊಟ ಬಡಿಸುತ್ತಾಳೆ, ಏನು ಬೇಕು ಅಂತ ಕೇಳುತ್ತಾಳೆ. ಕೇಳುವುದು ಮಾತ್ರ ಒಂದೊಂದೇ ಪದವಾಗಿ, ನಡುವೆ ಜಾಗ ಬಿಟ್ಟು. ನಾನು ಅದು ಮುಗಿಯುವವರೆಗೆ ಕಾಯುತ್ತೇನೆ.